ಮೊದಲ ಗುಟುಕು, ಮೂವತ್ತನೆಯ ಲೋಟ

ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳನ್ನು ಸಾವಧಾನವಾಗಿ ನೋಡುತ್ತ ಹೋದವರಿಗೆ ಆನೆ, ಕುದುರೆ, ಬೇಟೆ, ಕುಣಿತಗಳ ಸಾಲಿನ ನಡುವೆ ಕುಸ್ತಿಯ ಪಟ್ಟುಗಳೂ ಕಣ್ಣಿಗೆ ಬೀಳುತ್ತವೆ. ಆ ದಿಬ್ಬದ ವೈಭವವನ್ನು ಸುಮಾರು 1520ರಲ್ಲಿ ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನೂ ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನಂತೆ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನೆತ್ತಿ, ಕತ್ತಿ ಬೀಸಿ, ಬೆವರಿನೊಡನೆ ಎಣ್ಣೆಯೆಲ್ಲ ಇಳಿದ ಮೇಲೆ ಜಟ್ಟಿಯೊಬ್ಬನೊಡನೆ ಸೆಣಸಿ, ಬಳಿಕ ಕುದುರೆಯೇರುತ್ತಿದ್ದನಂತೆ. 1900ರಲ್ಲಿ ಪಾಯೆಸನ ಬರಹವನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸೀವೆಲ್ ಆ ಎಣ್ಣೆಯ ಅಳತೆಯನ್ನು ಮುಕ್ಕಾಲು ಪಿಂಟ್ ಎಂದಿದ್ದಾನೆ. ಇಂದಿನ ಲೆಕ್ಕದಲ್ಲಿ ಅದು 400 ಮಿಲಿಲೀಟರಿಗೂ ಮಿಗಿಲು!

ಅಷ್ಟು ಎಣ್ಣೆ ಅರಸನ ನಾಲಗೆಗೆ ರುಚಿಸುತ್ತಿತ್ತೆ ಎಂಬುದನ್ನು ಪಾಯೆಸ್ ಹೇಳಿಲ್ಲ. ದಿನದಿನವೂ ಕುಡಿಯುತ್ತಿದ್ದನೆಂದು ಮಾತ್ರ ಹೇಳಿದ್ದಾನೆ. ಪುಷ್ಟಿಯ ಪಾನೀಯದ ಮರ್ಮವೆಲ್ಲ ಆ 'ದಿನದಿನವೂ' ಎಂಬ ಮಾತಿನಲ್ಲಿದೆ. ಒಂದು ದಿನದ ಮಟ್ಟಿಗೆ ಯಾರಾದರೂ ಏನನ್ನಾದರೂ ಕಣ್ಣುಮುಚ್ಚಿ ಕುಡಿದಾರು. ತಿಂಗಳುಗಟ್ಟಲೆ ಕುಡಿಯಬೇಕಾದಾಗ ನಾಲಗೆಯ ಒಪ್ಪಿಗೆ ಇಲ್ಲದೆ ಯಾವ ಪುಷ್ಟಿಯೂ ಹೊಟ್ಟೆಗೆ ಇಳಿಯದು.

ಈಗ ಎಳ್ಳೆಣ್ಣೆಯ ಸ್ಥಾನವನ್ನು ಪ್ರೋಟೀನ್ ಪುಡಿ ಆಕ್ರಮಿಸಿದೆ. ಸಸಾರಜನಕವೆಂದು ಪಾಠದ ಪುಸ್ತಕಗಳಲ್ಲಿ ಓದಿದವರೂ ಅಂಗಡಿಯಲ್ಲಿ ಕೇಳುವುದು ಪ್ರೋಟೀನ್ ಎಂದೇ. 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಹೊಸಪೇಟೆಯ ಔಷಧದ ಅಂಗಡಿಗಳಲ್ಲಿ ಈ ಡಬ್ಬಿಗಳು ಸಾಲುಗಟ್ಟಿ ನಿಂತಿವೆ. ಚಾಕೊಲೇಟ್, ವೆನಿಲಾ, ಮಾವು, ಕಾಫಿ, ಕೇಸರಿ-ಪಿಸ್ತಾ ಎಂದು ಬಗೆಬಗೆಯ ರುಚಿಗಳು. ಒಂದು ಡಬ್ಬಿಯ ಬೆಲೆಯಲ್ಲಿ ಮಧ್ಯಮ ವರ್ಗದ ಮನೆಯೊಂದರ ಹಲವು ದಿನಗಳ ತರಕಾರಿ ಬಂದೀತು. ಹಾಗೆ ತಂದ ಡಬ್ಬಿ ಅರ್ಧಕ್ಕೇ ನಿಂತು, ಗಟ್ಟಿಕಟ್ಟಿ, ಕೊನೆಗೆ ತಿಪ್ಪೆ ಸೇರಿದರೆ ಆಗುವ ನಷ್ಟ ಹಣದ್ದು ಮಾತ್ರವೆ? ಅದನ್ನು ಬಲ್ಲವರು ಹೊಸಪೇಟೆಯ ಒಂದು ಮನೆಯವರು.

ಆ ಮನೆಯ ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ. ತವರು ಕಂಪ್ಲಿ. ಮಳೆಗಾಲದಲ್ಲಿ ಹಿಡಿದ ಜ್ವರ ಮೂರು ವಾರ ಹಾಸಿಗೆಯಲ್ಲಿ ಮಲಗಿಸಿತು. ಜ್ವರವೇನೋ ಬಿಟ್ಟಿತು, ಆದರೆ ಮೈಯ ಕಸುವನ್ನೂ ತನ್ನೊಡನೆ ಒಯ್ದಿತು. ನೆಲದ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದವರು, ಈಗ ಕುಳಿತರೆ ಗೋಡೆ ಹಿಡಿಯದೆ ಏಳಲಾರರು. ಮುಂಗೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ವೈದ್ಯರು ಪರೀಕ್ಷಿಸಿ, ರಕ್ತ, ಮೂತ್ರಪಿಂಡ ಎಲ್ಲವೂ ಸರಿಯಾಗಿವೆಯೆಂದು ಖಚಿತಪಡಿಸಿಕೊಂಡು, "ಇದಕ್ಕೆ ಗುಳಿಗೆಯಿಲ್ಲ. ಮೈಯಲ್ಲಿ ಮಾಂಸಖಂಡ ಕರಗಿದೆ. ಪ್ರೋಟೀನ್ ಹೊಟ್ಟೆಗೆ ಹೋಗಬೇಕು, ದಿನಾಲೂ ಒಂದಿಷ್ಟು ನಡೆಯಬೇಕು. ಬಿದ್ದು ಸೊಂಟ ಮುರಿದುಕೊಂಡರೆ ಕಷ್ಟ" ಎಂದರು.

ಮಗ ಅಂದೇ ಸಂಜೆ ವೆನಿಲಾ ರುಚಿಯ ಡಬ್ಬಿಯೊಂದನ್ನು ತಂದನು. ಸೊಸೆ ಕುದಿಯುವ ಹಾಲಿಗೆ ಒಂದು ಅಳತೆ ಪುಡಿ ಹಾಕಿ ಕಲಸಿದಳು. ಹಾಲಿನಲ್ಲಿ ಸಣ್ಣ ಸಣ್ಣ ಗಂಟುಗಳು ತೇಲಿದವು. ಅಜ್ಜಿ ಎರಡು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು.

"ಇದು ಹಾಲೂ ಅಲ್ಲ, ಮದ್ದೂ ಅಲ್ಲ. ಬಾಯಾಗ ಸುಣ್ಣ ಹಚ್ಚಿದಂಗ ಆಗ್ತೈತಿ. ನನಗ ಬ್ಯಾಡವ್ವಾ."

ಮರುದಿನವೂ ಅದೇ ಮಾತು. ಮೂರನೆಯ ದಿನ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಗೆ ಏರಿತು. ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನ ಕಣ್ಣು ಅದರ ಮೇಲಿತ್ತು. ಆತ ಆರು ತಿಂಗಳಿಂದ ವ್ಯಾಯಾಮಶಾಲೆಗೆ ಹೋಗುತ್ತಿದ್ದನು. ಅಲ್ಲಿನ ಗೆಳೆಯರೆಲ್ಲರ ಕೈಯಲ್ಲಿ ಕುಲುಕುವ ಬಾಟಲಿಗಳು. ತನ್ನ ಕೈಯಲ್ಲಿ ಬರಿಯ ನೀರು! "ಅಜ್ಜಿ ಕುಡಿಯೋದಿಲ್ಲ ಅಂದ್ರ ನಾನಾದ್ರೂ ಕುಡಿತೀನಿ. ಸುಮ್ಮನೆ ಹಾಳಾಗೋದು ಯಾಕೆ?" ಎಂಬುದು ಅವನ ವಾದ. ತಿಂಗಳಿಗೆ ಎರಡು ಡಬ್ಬಿ ತರುವ ಅನುಕೂಲ ಆ ಮನೆಗೆ ಇರಲಿಲ್ಲ. ಆದುದರಿಂದ ಡಬ್ಬಿ ಯಾರದು ಎಂಬ ಪ್ರಶ್ನೆ ಇತ್ಯರ್ಥವಾಗಲೇಬೇಕಾಯಿತು.

ಸೊಸೆ ಕಾಗದ-ಪೆನ್ನು ಹಿಡಿದು ಕುಳಿತಳು. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಮ್ ಪ್ರೋಟೀನ್ ಸಾಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ಅಜ್ಜಿಯ ತೂಕ 45 ಕಿಲೋ. ಅಂದರೆ ಕನಿಷ್ಠ 37 ಗ್ರಾಮ್ ಬೇಕು. ವೃದ್ಧಾಪ್ಯದಲ್ಲಿ, ಅದರಲ್ಲಿಯೂ ಕಾಯಿಲೆಯಿಂದ ಎದ್ದವರಿಗೆ, ಇನ್ನೂ ಹೆಚ್ಚಿದ್ದರೆ ಒಳಿತೆಂದು ವೈದ್ಯರು ಹೇಳುವುದುಂಟು. ಅಜ್ಜಿ ತಿನ್ನುತ್ತಿದ್ದುದೆಷ್ಟು? ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ-ಸಾರು, ಸ್ವಲ್ಪ ಮಜ್ಜಿಗೆ, ರಾತ್ರಿ ಅರ್ಧ ರೊಟ್ಟಿ, ನಡುವೆ ಎರಡು ಸಲ ಚಹ. ಎಲ್ಲವನ್ನೂ ಕೂಡಿದರೆ 18 ಗ್ರಾಮ್ ದಾಟಲಿಲ್ಲ. ಬೇಕಾದುದರ ಅರ್ಧ ಮಾತ್ರ!

ಮೊಮ್ಮಗನ ತೂಕ 62 ಕಿಲೋ. ಅವನಿಗೆ ಬೇಕಾದುದು 51 ಗ್ರಾಮ್. ಬೆಳಗಿನ ಉಗ್ಗಾಣಿಯ ಮೇಲಿನ ಪುಟಾಣಿ ಪುಡಿ, ಮಧ್ಯಾಹ್ನದ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ರಾತ್ರಿಯ ತೊವ್ವೆ, ಮಲಗುವಾಗಿನ ದೊಡ್ಡ ಲೋಟ ಹಾಲು ಎಂದು ತಾಯಿ ಬರೆಯುತ್ತ ಹೋದಳು. "ಅಷ್ಟೇನಾ?" ಎಂದು ಕೇಳಿದಾಗ, ವ್ಯಾಯಾಮಶಾಲೆಯ ಎದುರಿನ ಗಾಡಿಯಲ್ಲಿ ದಿನವೂ ತಿನ್ನುವ ಎರಡು ಬೇಯಿಸಿದ ಮೊಟ್ಟೆಗಳ ಸಂಗತಿ ಹುಡುಗನ ಬಾಯಿಂದ ಜಾರಿತು. ಮನೆಯಲ್ಲಿ ಮೊಟ್ಟೆಯ ಪ್ರವೇಶವಿರಲಿಲ್ಲ. ತಾಯಿ ಒಂದು ಕ್ಷಣ ತಲೆಯೆತ್ತಿ ಮಗನ ಮುಖ ನೋಡಿ, ಏನೂ ಹೇಳದೆ '12 ಗ್ರಾಮ್' ಎಂದು ಬರೆದಳು. ಮೊತ್ತ 70ರ ಆಸುಪಾಸಿಗೆ ಬಂದಿತು. ವ್ಯಾಯಾಮ ಮಾಡುವವರಿಗೆ ಸಾಮಾನ್ಯರಿಗಿಂತ ಹೆಚ್ಚು ಬೇಕೆಂಬುದು ನಿಜ. ಆದರೆ ಆ ಹೆಚ್ಚಿನ ಪಾಲೂ ಅವನ ತಟ್ಟೆಯಲ್ಲಿ ಆಗಲೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಿನಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಮೈಕಟ್ಟಿಗಾಗಿ ಪ್ರೋಟೀನ್ ಪುಡಿಯ ಮೊರೆಹೋಗುವುದು ಬೇಡವೆಂದೇ ಹೇಳಿದೆ.

ಹೀಗೆ ಲೆಕ್ಕವೇ ತೀರ್ಪು ನೀಡಿತು. ಡಬ್ಬಿಯನ್ನು ಬಯಸಿದವನಿಗೆ ಅದು ಅನಾವಶ್ಯಕ. ಅವಶ್ಯವಿದ್ದವರಿಗೆ ಅದು ಬೇಡ! ಹುಡುಗ ಹಾಳೆಯನ್ನು ಎರಡು ಸಲ ನೋಡಿದನು. ಅಜ್ಜಿಯ ಹೆಸರಿನ ಮುಂದಿನ 18 ಎಂಬ ಅಂಕಿ ಅವನಿಗೆ ನಾಟಿತೆಂದು ತೋರುತ್ತದೆ. "ಹಂಗಾದ್ರ ಅಜ್ಜಿಗೆ ಯಾವುದು ಸೇರ್ತದೋ ನೋಡೋಣ ಬಿಡವ್ವಾ" ಎಂದು, ರುಚಿಯ ಪರೀಕ್ಷೆಗೆ ತಾನೇ ಸಿದ್ಧನಾದನು.

ಪರೀಕ್ಷೆಗೆ ಮುನ್ನ ವಸ್ತುವಿನ ಪರಿಚಯ ಬೇಕಷ್ಟೆ. ಹಾಲನ್ನು ಒಡೆದಾಗ ಗಟ್ಟಿ ಭಾಗ ಒಂದು ಕಡೆ, ಹಸಿರುಛಾಯೆಯ ತಿಳಿನೀರು ಒಂದು ಕಡೆ ಆಗುವುದನ್ನು ಎಲ್ಲ ಗೃಹಿಣಿಯರೂ ಕಂಡಿದ್ದಾರೆ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಆ ಗಟ್ಟಿಯಲ್ಲಿ ಉಳಿಯುವ ಕೇಸೀನ್. ಮಿಕ್ಕ 20 ಪಾಲು ತಿಳಿನೀರಿನಲ್ಲಿ ಉಳಿಯುವ ವೇ. ಚೀಸ್ ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುವ ಈ ತಿಳಿನೀರನ್ನು ಸೋಸಿ, ಒಣಗಿಸಿದರೆ ವೇ ಪ್ರೋಟೀನಿನ ಪುಡಿಯಾಗುತ್ತದೆ. ಕಾನ್ಸೆಂಟ್ರೇಟ್ ಎಂಬ ಬಗೆಯಲ್ಲಿ ನೂರಕ್ಕೆ 80ರವರೆಗೆ ಪ್ರೋಟೀನ್ ಇರುತ್ತದೆ. ಜೊತೆಗೆ ಒಂದಿಷ್ಟು ಹಾಲಿನ ಸಕ್ಕರೆ, ಕೊಬ್ಬು ಉಳಿದಿರುವುದರಿಂದ ರುಚಿ ಹಾಲಿಗೆ ಹತ್ತಿರ. ಐಸೊಲೇಟ್ ಎಂಬುದರಲ್ಲಿ 90 ಅಥವಾ ಅದಕ್ಕೂ ಹೆಚ್ಚು. ಅದು ನೀರಿನಂತೆ ತೆಳು, ಹಾಲು ಜೀರ್ಣಿಸದವರಿಗೂ ಬಹುಮಟ್ಟಿಗೆ ಒಗ್ಗುವಂಥದು. ಮೊದಲೇ ಒಡೆದು ಜೀರ್ಣಸುಲಭ ಮಾಡಿದ ಮೂರನೆಯ ಬಗೆಯೊಂದುಂಟು. ಅದು ಬಲು ಕಹಿ. ದಿನವೂ ಕುಡಿಯುವ ಮಾತಿಗೆ ಅದನ್ನು ಬದಿಗಿಡುವುದೇ ಲೇಸು.

ಅಜ್ಜಿಯ ಮೊದಲ ಲೋಟ ಕೆಟ್ಟದ್ದಕ್ಕೆ ಕಾರಣ ವೆನಿಲಾ ಅಲ್ಲ, ಕುದಿಯುವ ಹಾಲು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ವೇ ಪ್ರೋಟೀನ್ ಮೊಟ್ಟೆಯ ಬಿಳಿಯಂತೆ ಬೆಂದು ಗಟ್ಟಿಯಾಗತೊಡಗುತ್ತದೆ. ಸತ್ತ್ವವೇನೂ ನಾಶವಾಗದು, ಆದರೆ ಗಂಟು ಸಿಕ್ಕ ನಾಲಗೆ ಸತ್ತ್ವದ ಮಾತನ್ನು ಕೇಳೀತೆ? ಬೆರಳು ತಾಳುವಷ್ಟು ಬೆಚ್ಚಗಿನ ಹಾಲನ್ನು ಮೊದಲು ಹಾಕಿ, ಮೇಲೆ ಪುಡಿ ಉದುರಿಸಿ, ಕುಲುಕಿ, ನೊರೆ ಇಳಿಯಲೆಂದು ಎರಡು ನಿಮಿಷ ಬಿಟ್ಟರೆ ಪಾನೀಯ ನುಣುಪಾಗುತ್ತದೆ. ಪುಡಿಯ ಮೇಲೆ ಹಾಲು ಹೊಯ್ದರೆ ತಳದಲ್ಲಿ ಅಂಟಿನ ಮುದ್ದೆ ತಪ್ಪದು.

ಹೀಗೆ ಕ್ರಮವರಿತು ಕಲಸಿದ ಮೇಲೆ ರುಚಿಗಳ ಸರದಿ ಬಂದಿತು. ಒಂದೊಂದು ಬಾರಿಗಾಗುವ ಚಿಕ್ಕ ಪೊಟ್ಟಣಗಳನ್ನು ಮೊಮ್ಮಗ ತಂದನು. ಇಡೀ ಡಬ್ಬಿಯನ್ನು ಕೊಳ್ಳುವ ಮುನ್ನ ಹೀಗೆ ಮಾಡುವುದು ಜಾಣತನ. ಚಾಕೊಲೇಟ್ ಮೊದಲ ಗುಟುಕಿನಲ್ಲಿಯೇ ಎಲ್ಲವನ್ನೂ ಸೋಲಿಸಿತು. ಕೋಕೋವಿಗೆ ತನ್ನದೇ ಆದ ಕಹಿಯಿರುವುದರಿಂದ ಪುಡಿಯ ಕಹಿ-ಒಗರುಗಳು ಅದರೊಳಗೆ ಅಡಗಿಹೋಗುತ್ತವೆ. ನೀರಿನಲ್ಲಿ ಕಲಸಿದರೂ ಕುಡಿಯಬಹುದಾದ ರುಚಿ ಅದೊಂದೇ. ವೆನಿಲಾ ಸಾಧು ಸ್ವಭಾವದ್ದು. ಹಾಲಿನೊಡನೆ ಚೆನ್ನ, ನೀರಿನೊಡನೆ ಸಪ್ಪೆ, ಪುಡಿಯ ದೋಷವನ್ನು ಮುಚ್ಚಿಡಲು ಅದಕ್ಕೆ ಬಾರದು. ಮಾವು ಮೂಸಿದಾಗ ಮೋಹಕ, ಕುಡಿದಾಗ ಔಷಧದ ಶರಬತ್ತು. ನಿಜವಾದ ಮಾವಿನ ಹಣ್ಣನ್ನು ಬಲ್ಲ ನಾಡಿನಲ್ಲಿ ಅದು ಗೆಲ್ಲುವುದು ಕಷ್ಟ. ಕಾಫಿಯ ರುಚಿ ಮನೆಯ ಯಜಮಾನನಿಗೆ ಹಿಡಿಸಿತು. ಅಜ್ಜಿಗೆ "ಕಾಫಿ ಕೊಡಂಗಿದ್ರ ಕಾಫಿನ ಕೊಡ್ರಿ" ಎನ್ನಿಸಿತು. ಕೇಸರಿ-ಪಿಸ್ತಾ ಮದುವೆಯ ಮನೆಯ ಬಾದಾಮಿ ಹಾಲನ್ನು ನೆನಪಿಗೆ ತಂದು ನಾಲ್ಕು ದಿನ ನಡೆಯಿತು.

ಐದನೆಯ ದಿನ ಅಜ್ಜಿ ಮುಖ ತಿರುಗಿಸಿದರು. ತೊಡಕು ಇರುವುದೇ ಇಲ್ಲಿ. ಬಹುಪಾಲು ಪುಡಿಗಳ ಸಿಹಿ ಸಕ್ಕರೆಯದಲ್ಲ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸನ್ನೋ, ಸ್ಟೀವಿಯಾ ಎಲೆಯ ಸಾರವನ್ನೋ ಕೂಡಿಸಿರುತ್ತಾರೆ. ಸಕ್ಕರೆಯ ಸಿಹಿ ಬಂದಷ್ಟೇ ಬೇಗ ಹೋಗುತ್ತದೆ. ಇವುಗಳ ಸಿಹಿ ತಡವಾಗಿ ಬಂದು ಗಂಟಲಿನಲ್ಲಿ ನೆಲೆನಿಲ್ಲುತ್ತದೆ. ಮೊದಲ ದಿನ ಹಿತವೆನಿಸಿದ ಗಾಢ ರುಚಿಯೇ ವಾರ ಕಳೆಯುವುದರೊಳಗೆ ಓಕರಿಕೆ ತರುತ್ತದೆ. ಹಬ್ಬದ ಹೋಳಿಗೆಯನ್ನು ನಿತ್ಯವೂ ಉಣ್ಣಲಾದೀತೆ? ಅನ್ನ, ರೊಟ್ಟಿ, ಮಜ್ಜಿಗೆಗಳು ಜೀವಮಾನವೆಲ್ಲ ಬೇಸರ ತರದಿರುವುದಕ್ಕೆ ಅವುಗಳ ಸೌಮ್ಯ ರುಚಿಯೇ ಕಾರಣ. ಆದುದರಿಂದ ಪುಡಿಯನ್ನು ಮೊದಲ ಗುಟುಕಿನಿಂದ ಅಳೆಯುವುದು ತಪ್ಪು. ಮೂವತ್ತನೆಯ ಲೋಟದಿಂದ ಅಳೆಯಬೇಕು.

ಈ ಸತ್ಯ ನಂಟರಿಷ್ಟರ ಮನೆಗಳಲ್ಲಿಯೂ ಬೇರೆಬೇರೆ ರೂಪದಲ್ಲಿ ಕಾಣಿಸಿತು. ಅಜ್ಜಿಯ ಮಗಳನ್ನು ಕೊಟ್ಟಿರುವುದು ಸಂಡೂರಿಗೆ. ಅಳಿಯನಿಗೆ ಗಣಿಯಲ್ಲಿ ಕೆಲಸ. ಪಾಳಿಯ ನಡುವೆ ಊಟದ ಹೊತ್ತು ಏರುಪೇರು. ಅವರು ಒಣಗಿದ ಬಾಟಲಿಯಲ್ಲಿ ಚಾಕೊಲೇಟ್ ಪುಡಿಯನ್ನು ಮಾತ್ರ ಒಯ್ದು, ಬೇಕಾದಾಗ ನೀರು ಬೆರೆಸಿ ಕುಡಿಯುತ್ತಾರೆ. ಕೆಮ್ಮಣ್ಣಿನ ಧೂಳು, ಬಿಸಿಲು, ದುಡಿಮೆಗಳ ನಡುವೆ ಹಾಲು ಬೆರೆಸಿದರೆ ಕೆಟ್ಟುಹೋಗುತ್ತದೆ; ದಪ್ಪ ಪಾನೀಯ ಇಳಿಯುವುದೂ ಇಲ್ಲ. ಅವರಿಗೆ ರುಚಿಗಿಂತ ತೆಳುವಾಗಿರುವುದು ಮುಖ್ಯ. ಆದರೆ ಕುಡಿದ ಬಾಟಲಿಯನ್ನು ಒಡನೆಯೇ ತೊಳೆಯದೆ ಮುಚ್ಚಿಟ್ಟರೆ ಸಂಜೆಗೆ ಹುಟ್ಟುವ ನಾತ ಮನೆಯವರನ್ನೆಲ್ಲ ಹೊರಗೋಡಿಸುವುದೆಂದು ಮಗಳು ನಗುತ್ತ ಹೇಳುತ್ತಾಳೆ. ಹಾಲು ಒಗ್ಗದ ಆ ಮಗಳು ತಾನು ಸಸ್ಯಜನ್ಯ ಪುಡಿಗಳನ್ನು ಪರೀಕ್ಷಿಸಿದ್ದಳು. ಬಟಾಣಿಯ ಪುಡಿಗೆ ಮಣ್ಣಿನ ವಾಸನೆ, ಸೋಯಾಕ್ಕೆ ಹಸಿ ಕಾಳಿನ ವಾಸನೆ, ಅಕ್ಕಿಯ ಪ್ರೋಟೀನಿಗೆ ಮರಳಿನ ಸ್ಪರ್ಶ. ಸಿಹಿ ಬೆರೆಸಿದಷ್ಟೂ ಅವುಗಳ ಕಾಳುತನ ಎದ್ದು ತೋರುತ್ತದೆ. ಉಪ್ಪು, ಜೀರಿಗೆ, ಮೆಣಸು ಹಾಕಿ ಸಾರಿನಂತೆ ಮಾಡಿಕೊಂಡಾಗಲೇ ಅವು ಹೊಂದಿಕೊಂಡವು. ಕಾಳಿಗೆ ಒಗ್ಗರಣೆಯೇ ಸೊಗಸು ಎಂಬುದು ಅಡುಗೆಯವರಿಗೆ ಹೊಸ ಮಾತೇನಲ್ಲ.

ಕಂಪ್ಲಿಯಿಂದ ಅಜ್ಜಿಯ ತಮ್ಮ ಬಂದರು. ತುಂಗಭದ್ರೆಯ ದಡದಲ್ಲಿ, ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಗದ್ದೆಗಳ ನಡುವೆ ಬೆಳೆದವರು. ಯೌವನದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡವರು. ಡಬ್ಬಿಯನ್ನು ಮೂಸಿ, "ನಮ್ಮ ಕಾಲದಾಗ ಪುಡಿ ಕುಡದು ಯಾರೂ ಪೈಲ್ವಾನ ಆಗ್ಲಿಲ್ಲಕ್ಕಾ" ಎಂದರು. ನೆನೆಸಿ ಅರೆದ ಬಾದಾಮಿ, ಹಾಲು, ತುಪ್ಪ ಇವೇ ಆ ಕಾಲದ ಪುಷ್ಟಿ. ಮರುವಾರ ಅವರ ಮನೆಯಿಂದ ಒಂದು ಡಬ್ಬಿ ಬಂದಿತು. ಹುರಿದ ಶೇಂಗಾ ಮತ್ತು ಪುಟಾಣಿಗಳನ್ನು ಬೀಸಿ, ಏಲಕ್ಕಿ, ತುಸು ಬೆಲ್ಲ ಕೂಡಿಸಿದ ಹಿಟ್ಟು. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಲೆಕ್ಕವನ್ನು ಮರೆಯುವಂತಿಲ್ಲ: ಶೇಂಗಾದ 100 ಗ್ರಾಮಿನಲ್ಲಿ ಸುಮಾರು 25 ಗ್ರಾಮ್, ಪುಟಾಣಿಯಲ್ಲಿ 20-22 ಗ್ರಾಮ್ ಪ್ರೋಟೀನ್. ವೇ ಪುಡಿಯ 30 ಗ್ರಾಮಿನ ಒಂದು ಅಳತೆಯಲ್ಲಿ ಸುಮಾರು 24 ಗ್ರಾಮ್ ಸಿಗುವಲ್ಲಿ, ಈ ಹಿಟ್ಟಿನ ಅಷ್ಟೇ ತೂಕದಲ್ಲಿ 7 ಗ್ರಾಮನ್ನೂ ಮುಟ್ಟದು. ಹಸಿವಿದ್ದವರಿಗೆ, ಬೆಳೆಯುವ ಮಕ್ಕಳಿಗೆ ಅದು ಅಮೃತ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತೆನ್ನುವ ಅಜ್ಜಿಗೆ ಮಾತ್ರ ಅದೊಂದೇ ಸಾಲದು. ಅಂಗಡಿಯ ಪುಡಿಗೆ ಇರುವ ನಿಜವಾದ ಪ್ರಯೋಜನ ಇಷ್ಟೇ: ಕಿರಿದಾದ ಹಸಿವಿನೊಳಗೆ ಹಿರಿದಾದ ಪುಷ್ಟಿಯನ್ನು ಅಡಗಿಸುವುದು.

ಹಂಪಿಯಲ್ಲಿ ಪ್ರವಾಸಿಗರಿಗಾಗಿ ಚಿಕ್ಕ ಉಪಾಹಾರಗೃಹ ನಡೆಸುವ ಸಂಬಂಧಿಯೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟರು. ಕಮಲಾಪುರ-ಹಂಪಿಗಳ ತೋಟದ ಕಳಿತ ಬಾಳೆಹಣ್ಣನ್ನು ಕಿವುಚಿ, ತಣ್ಣನೆಯ ಹಾಲು, ಅರ್ಧ ಅಳತೆ ಚಾಕೊಲೇಟ್ ಪುಡಿ ಸೇರಿಸಿ ಕಡೆಯುವುದು. ಹಣ್ಣಿನ ಸಿಹಿ ಕೃತಕ ಸಿಹಿಯ ಬಾಲವನ್ನು ಮರೆಸುತ್ತದೆ. ತಿರುಳು ಪುಡಿಯ ಒಗರನ್ನು ಮುಚ್ಚುತ್ತದೆ. ಬಂಡೆಗಳನ್ನು ಹತ್ತಿ ಇಳಿದ ತರುಣರು ಅದನ್ನು ಇಷ್ಟಪಟ್ಟು ಕುಡಿಯುತ್ತಾರೆ. ಆದರೆ ಕಲ್ಲು ಕಾದು ಕೆಂಡವಾಗುವ ಏಪ್ರಿಲಿನಲ್ಲಿ ಅದೇ ತರುಣರು ಕೇಳುವುದು ಮಜ್ಜಿಗೆಯನ್ನು!

ಮಜ್ಜಿಗೆ ಎಂಬ ಮಾತು ಕಿವಿಗೆ ಬಿದ್ದೊಡನೆ ಸೊಸೆಗೆ ದಾರಿ ತೋರಿತು. ಅಜ್ಜಿಗೆ ಸೇರದಿರುವುದು ಪುಡಿಯಲ್ಲ, ಸಿಹಿ. ಅವರು ಜೀವಮಾನವೆಲ್ಲ ಕುಡಿದದ್ದು ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ. ಸಿಹಿಯೂ ಇಲ್ಲದ, ಪರಿಮಳವೂ ಇಲ್ಲದ ವೇ ಪುಡಿ ಸಿಗುತ್ತದೆಂಬುದನ್ನು ಮೊಮ್ಮಗ ಅಂಗಡಿಯಲ್ಲಿ ವಿಚಾರಿಸಿ ತಂದನು. ಬರಿಯ ನೀರಿನಲ್ಲಿ ಅದು ತೊಳೆದ ಹಾಲಿನ ಪಾತ್ರೆಯ ನೀರಿನಂತೆ, ಯಾರೂ ಮೆಚ್ಚರು. ಆದರೆ ಅರ್ಧ ಅಳತೆ ಪುಡಿಯನ್ನು ಸ್ವಲ್ಪ ಮಜ್ಜಿಗೆಯಲ್ಲಿ ನುಣ್ಣಗೆ ಕದಡಿ, ಉಗುರುಬೆಚ್ಚಗಿನ ರಾಗಿ ಅಂಬಲಿಗೆ ಕೂಡಿಸಿ, ಉಪ್ಪು, ಜೀರಿಗೆ ಪುಡಿ ಉದುರಿಸಿದಾಗ ಅದು ಗುರುತೇ ಸಿಗದಂತೆ ಕರಗಿಹೋಯಿತು. ರಾಗಿಯ ಕಂಪು ಹಾಲಿನ ವಾಸನೆಯನ್ನು ಮುಚ್ಚಿತು. ಮಜ್ಜಿಗೆಯ ಹುಳಿಯಲ್ಲಿ ಪುಡಿಯ ಒಗರು ಬೆರೆತುಹೋಯಿತು. ಸೊಸೆ ಅದನ್ನು ಮರೆಮಾಚಲಿಲ್ಲ. "ಅತ್ತೆ, ಇದರಾಗ ಪುಡಿ ಐತ್ರಿ" ಎಂದು ಹೇಳಿಯೇ ಕೊಟ್ಟಳು. ಅಜ್ಜಿ ಒಂದು ಗುಟುಕು ಕುಡಿದು, ಸ್ವಲ್ಪ ತಡೆದು, "ಅಂಬ್ಲಿ ಛಲೋ ಆಗೈತಿ. ನಾಳಿಗೆ ಉಪ್ಪು ಒಂದೀಟು ಕಮ್ಮಿ ಹಾಕವ್ವಾ" ಎಂದರು. 'ನಾಳೆಗೆ' ಎಂಬ ಆ ಒಂದು ಮಾತಿಗಾಗಿ ಮನೆಯವರು ತಿಂಗಳಿನಿಂದ ಕಾದಿದ್ದರು.

ಬೆಳಗ್ಗೆ ಅಂಬಲಿಯಲ್ಲಿ ಅರ್ಧ ಅಳತೆ, ಸಂಜೆ ಮಜ್ಜಿಗೆಯಲ್ಲಿ ಇನ್ನರ್ಧ. ಒಮ್ಮೆಗೇ ಹೊಟ್ಟೆಗೆ ಭಾರವಾಗದು. ರಾತ್ರಿಯ ಹಸಿವೂ ಕೆಡದು. ಹದಿನೆಂಟಕ್ಕೆ ಇಪ್ಪತ್ತನಾಲ್ಕು ಸೇರಿ ನಲವತ್ತೆರಡಾಯಿತು. ಬೇಕಾದ ಮೂವತ್ತೇಳನ್ನು ದಾಟಿತು.

ಪುಷ್ಟಿಯನ್ನು ಪರಿಚಿತ ರುಚಿಯ ಜೊತೆಗೆ ಕಳುಹಿಸುವ ಈ ಉಪಾಯ ಕನ್ನಡನಾಡಿಗೆ ಹೊಸತಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟನ್ನು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ರೂಪಿಸಿದರು. ಅದನ್ನು ಬೇರೆ ಪಾನೀಯವಾಗಿ ಕುಡಿಯಬೇಕಾಗಿರಲಿಲ್ಲ. ನಿತ್ಯದ ಅಡುಗೆಗೆ ಬೆರೆಸಿಕೊಳ್ಳಬಹುದಾಗಿತ್ತು. ಶೇಂಗಾದ ಪ್ರೋಟೀನನ್ನು ಹಾಲಿಗೆ ಸೇರಿಸಿದ 'ಮಿಲ್ಟೋನ್' ಕೂಡ ಅಲ್ಲಿಯದೇ ಸಂಶೋಧನೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟಿನಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಆರಂಭವಾಯಿತು. 2024ರ ಫೆಬ್ರವರಿಯಲ್ಲಿ ಅದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಯೋಜನೆಯೂ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ-ದೋಸೆ ಹಿಟ್ಟನ್ನು ನಂದಿನಿ ಹೆಸರಿನಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ತಂದಿತು. ಹೊಸ ಸತ್ತ್ವಕ್ಕೆ ಹಳೆಯ ಪಾತ್ರೆ ಎಂಬ ನೀತಿ ಎಲ್ಲ ಕಡೆಯೂ ಒಂದೇ.

ಡಬ್ಬಿ ಕೊಳ್ಳುವ ಗೃಹಿಣಿಯರು ನೆನಪಿನಲ್ಲಿಡಬೇಕಾದ ಕೆಲವು ಮಾತುಗಳುಂಟು. ಹೆಸರನ್ನು ನೋಡದೆ ಅಂಕಿಗಳನ್ನು ನೋಡಬೇಕು. ಮಾಲ್ಟಿನ ಸಿಹಿ ಪಾನೀಯಗಳಲ್ಲಿ ಧಾನ್ಯ-ಸಕ್ಕರೆಗಳೇ ಮುಖ್ಯ. ಪ್ರೋಟೀನ್ ಸಾಮಾನ್ಯವಾಗಿ ಹತ್ತನೆಯ ಒಂದು ಭಾಗದ ಆಸುಪಾಸು. ಅಂತಹ ಪಾನೀಯಗಳನ್ನು 'ಆರೋಗ್ಯ ಪೇಯ'ಗಳ ಸಾಲಿನಲ್ಲಿ ಮಾರಬಾರದೆಂದು ಕೇಂದ್ರ ಸರ್ಕಾರ 2024ರ ಏಪ್ರಿಲಿನಲ್ಲಿ ಅಂತರಜಾಲದ ಮಾರಾಟಗಾರರಿಗೆ ಸೂಚಿಸಿತು. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯಿರಬೇಕು. ಒದ್ದೆ ಚಮಚ ಡಬ್ಬಿಗೆ ತಾಗಬಾರದು. ಎಲ್ಲಕ್ಕೂ ಮಿಗಿಲಾಗಿ, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಯಾವ ಪ್ರೋಟೀನ್ ಪುಡಿಯನ್ನೂ ಮುಟ್ಟಕೂಡದು. ಪುಡಿಯೊಂದೇ ಮಾಂಸಖಂಡವನ್ನು ಕಟ್ಟಲಾರದು. ಮೈಗೆ ಕೆಲಸ ಬೇಕು. ಎಣ್ಣೆ ಕುಡಿದ ಅರಸನೂ ಅದನ್ನು ಕುಡಿದು ಮಲಗಲಿಲ್ಲ. ಅವನ ಲೋಟದ ಹಿಂದೆ ಗುಂಡು, ಕತ್ತಿ, ಕುದುರೆಗಳಿದ್ದವು. ಹಾಗೆ ನೋಡಿದರೆ ಎಳ್ಳೆಣ್ಣೆ ಬರಿಯ ಕೊಬ್ಬು. ಅದರಲ್ಲಿ ಪ್ರೋಟೀನಿನ ಹೆಸರೇ ಇಲ್ಲ. ಅವನ ಮೈ ಕಟ್ಟಿದ್ದು ವ್ಯಾಯಾಮ ಮತ್ತು ಊಟವೆಂದೇ ತಿಳಿಯಬೇಕು.

ಅಜ್ಜಿಯ ಗರಡಿ ಮನೆಯ ಪಡಸಾಲೆಯೇ ಆಯಿತು. ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಸಂಜೆ ಬೀದಿಯ ತುದಿಯವರೆಗೆ ನಡೆಯುವುದು. ಉಸ್ತಾದನ ಸ್ಥಾನ ಮೊಮ್ಮಗನದು. "ಇನ್ನೊಂದು ಸಲ ಏಳಜ್ಜಿ" ಎಂದು ಅವನು ಎಣಿಸುವನು. "ನಿನಗೇನಪ್ಪಾ, ಏಳು ಅಂತಿ" ಎಂದು ಗೊಣಗುತ್ತ ಅವರು ಏಳುವರು. ಎರಡು ತಿಂಗಳು ಕಳೆದ ಮೇಲೊಂದು ಮಧ್ಯಾಹ್ನ, ನೆಲದ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದ ಅಜ್ಜಿ, ಬಾಗಿಲಲ್ಲಿ ತಮ್ಮನ ದನಿ ಕೇಳಿದೊಡನೆ ಒಂದು ಕೈಯನ್ನು ನೆಲಕ್ಕೂರಿ ಎದ್ದು ನಿಂತರು. ಗೋಡೆಯ ನೆನಪು ಅವರಿಗೆ ಬರಲಿಲ್ಲ. ಅಡುಗೆಮನೆಯಿಂದ ಇದನ್ನು ಕಂಡ ಸೊಸೆ ಮಾತಾಡಲಿಲ್ಲ. ಒಲೆಯ ಮೇಲಿನ ಅಂಬಲಿಯನ್ನು ಇಳಿಸಿ, ಅದು ಬೆಚ್ಚಗಾಗುವವರೆಗೆ ಕಾದಳು.

ಹಲಗೆಯ ಮೇಲಿದ್ದ ಹಳೆಯ ವೆನಿಲಾ ಡಬ್ಬಿ ಏನಾಯಿತೆಂದು ಓದುಗರು ಕೇಳಬಹುದು. ಅದನ್ನು ಮೊಮ್ಮಗನಿಗೇ ಕೊಟ್ಟರು. ಆತ ವ್ಯಾಯಾಮಶಾಲೆಗೆ ಬಾಟಲಿಯಲ್ಲಿ ಒಯ್ದು, ಗೆಳೆಯರ ನಡುವೆ ಗಂಭೀರವಾಗಿ ಕುಲುಕಿ, ಆರು ದಿನ ಕುಡಿದನು. ಏಳನೆಯ ದಿನದಿಂದ ಅವನೂ ಅಂಬಲಿಗೇ ಲೋಟ ಚಾಚುತ್ತಿದ್ದಾನೆ.